ನೀಲಕ್ಕನ ಮೈಮೇಲೆ ಬರುತ್ತಿದ್ದವಳು

ಗುರುವಾರ ಸಂಜೆ ಕೇಶ್ವಾಪುರದ ಅಂಗಡಿಸಾಲಿಗೆ ಊದು ಹಾಕುವ ಅಜ್ಜ ಬರುತ್ತಾನೆ. ಒಂದು ಕೈಯಲ್ಲಿ ಕೆಂಡದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಕೆಂಡದ ಮೇಲೆ ಒಂದು ಚಿಟಿಕೆ ಊದು ಉದುರಿಸಿದನೆಂದರೆ ಒಳಗಿನ ಬಲ್ಬು, ವೈರು, ಫ್ಯಾನುಗಳೆಲ್ಲ ಹೊಗೆಯಲ್ಲಿ ಮುಳುಗುತ್ತವೆ. ನಮ್ಮವರು ಎದ್ದು ನಿಂತು ಕೈಮುಗಿಯುತ್ತಾರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಅಜ್ಜನ ಮೇಲೂ ಸಿಟ್ಟಿಲ್ಲ, ದೇವರ ಮೇಲೂ ಇಲ್ಲ. ಆದರೆ ಆ ವಾಸನೆ ಬಂದರೆ ಸಾಕು, ನನಗೆ ಆ ವರ್ಷದ ಶ್ರಾವಣ ನೆನಪಾಗಿ ಎದುರಿಗಿದ್ದವರ ಮೇಲೆಲ್ಲ ಸಂಶಯ ಶುರುವಾಗುತ್ತದೆ.

ಸಂಶಯ ನನ್ನ ಹುಟ್ಟುಗುಣವೇ ಅನ್ನಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪರೀಕ್ಷೆಯಲ್ಲಿ ಚೀಟಿ ಹಿಡಿಯುವುದರಲ್ಲಿ ನಮ್ಮ ಸಾಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಯಾವ ಹುಡುಗ ನೀರು ಕುಡಿಯಲು ಎದ್ದ, ಯಾವನಿಗೆ ಕೆಮ್ಮು ಬಂತು, ಆ ಕೆಮ್ಮಿಗೆ ಯಾರು ತಲೆಯೆತ್ತಿದರು, ಎಲ್ಲ ನನಗೆ ಬೇಕು. "ಸುನಂದಾ ಟೀಚರ್ ಪೊಲೀಸ್ ಖಾತೇಕ ಹೋಗಬೇಕಿತ್ತು ನೋಡ್ರಿ" ಎಂದು ಹೆಡ್‌ಮಾಸ್ತರರು ಎಲ್ಲರ ಮುಂದೆ ಹೇಳಿದ್ದುಂಟು. ನಾನು ಅದನ್ನು ಹೊಗಳಿಕೆ ಎಂದೇ ತಗೊಂಡೆ.

ಆ ವರ್ಷ ಹುಬ್ಬಳ್ಳಿಯಲ್ಲಿ ಮಳೆ ಒಮ್ಮೆಯೂ ಜೋರಾಗಿ ಹೊಡೆಯಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ಬೆಳಗಿನಿಂದ ಸಂಜೆತನಕ ಜಿಟಿಜಿಟಿ. ರಸ್ತೆ ಅಗೆದು ಬಿಟ್ಟಿದ್ದರು. ಕೆಸರು ದಾಟಿ ಸಾಲೆಗೆ ಹೋಗುವಷ್ಟರಲ್ಲಿ ಸೀರೆಯ ಅಂಚು ಒಂದು ಗೇಣು ಕಪ್ಪಾಗಿರುತ್ತಿತ್ತು. ಆ ಮಳೆಯಲ್ಲೇ ನನಗೆ ಗಂಡನ ಮೇಲೆ ಸಂಶಯ ಬಂತು.

ನಮ್ಮವರು, ಬಸವರಾಜ, ಹಾಲಿನಂಥ ಮನುಷ್ಯ. ಅಡಿಕೆಯ ಚಟ ಸಹ ಇಲ್ಲ. ಅಂಥವರು ಬೆಳಿಗ್ಗೆ ಎದ್ದಾಗ ಏನೇನೋ ಆಡಹತ್ತಿದರು. ಹಲ್ಲುಜ್ಜುವ ಬ್ರಶ್ ಹಿಡಿದುಕೊಂಡು ಗೋಡೆ ನೋಡುತ್ತ ನಿಂತುಬಿಡುವುದು. ಕರೆದರೆ ನಾಲಿಗೆ ಎಳೆದೆಳೆದು ಮಾತಾಡುವುದು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಹೇಳಿದರೆ ನನ್ನ ಮೇಲೇ ಹರಿಹಾಯುವುದು. ಎರಡು ಇಡ್ಲಿ ಹೊಟ್ಟೆಗೆ ಬಿದ್ದ ಮೇಲೆ ಮತ್ತೆ ಮೊದಲಿನ ಮನುಷ್ಯ! ಶ್ರಾವಣ ಸೋಮವಾರ ಸಂಜೆಯತನಕ ಉಪವಾಸ ನಮ್ಮ ಮನೆಯಲ್ಲಿ ರೂಢಿ. ಆ ದಿನಗಳಲ್ಲಂತೂ ಇವರ ಆಟ ನೋಡಲಾಗುತ್ತಿರಲಿಲ್ಲ.

ಕುಡಿಯುತ್ತಿದ್ದಾರೆ ಎಂದುಕೊಂಡೆ. ಟವೆಲ್ ಕೊಡುವ ನೆಪದಲ್ಲಿ ಬಾಯಿಯ ವಾಸನೆ ನೋಡಿದೆ. ಏನೂ ಇಲ್ಲ. ಸ್ನಾನಕ್ಕೆ ಹೋದಾಗ ಸ್ಕೂಟರಿನ ಡಿಕ್ಕಿ ತೆಗೆದೆ. ಬಾಟ್ಲಿ ಸಿಗಲಿಲ್ಲ, ಖಾಲಿ ಪೇಡೆಯ ಪೊಟ್ಟಣಗಳು ಸಿಕ್ಕವು. ಮನೆಗೆಂದೂ ಪೇಡೆ ತಂದವರಲ್ಲ. ಯಾರಿಗೆ ತಿನ್ನಿಸುತ್ತಿದ್ದಾರೆ? ಕುಡಿತದ ಜಾಗದಲ್ಲಿ ನನ್ನ ತಲೆಯಲ್ಲಿ ಒಬ್ಬ ಹೆಂಗಸು ಬಂದು ಕೂತಳು. ನೀವು ನಗಬಹುದು. ಎರಡು ವಾರ ನಾನು ನಿದ್ದೆ ಮಾಡಲಿಲ್ಲ.

ಮೂರನೆಯ ಸೋಮವಾರ ಸಾಲೆಗೆ ಫೋನು ಬಂತು. ಪಕ್ಕದ ಕಿರಾಣಿ ಅಂಗಡಿಯ ಕಾಕಾ. "ಬಾಯಾರ, ಲಗೂ ಬರ್ರಿ. ನಿಮ್ಮ ಮನಿಯವ್ರು ಗಿರಾಕಿಗೋಳ ಮ್ಯಾಲೆ ಬಲ್ಬ್ ಒಗ್ಯಾಕತ್ತಾರ!" ಹೋಗಿ ನೋಡಿದರೆ ಅಂಗಡಿಯ ತುಂಬ ಗಾಜಿನ ಚೂರು. ಅಂಥ ತಂಪಿನಲ್ಲೂ ಇವರ ಅಂಗಿ ಬೆವರಿಗೆ ಮೈಗಂಟಿತ್ತು. ಕಣ್ಣು ನನ್ನನ್ನು ನೋಡುತ್ತಿವೆ, ಆದರೆ ಗುರುತಿಲ್ಲ. ಜನ ಗುಂಪುಗಟ್ಟಿ ನಗುತ್ತಿದ್ದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಸಕ್ಕರೆ ಹೆಚ್ಚು ಹಾಕಿಸಿದ ಚಹಾ ತಂದು ಕುಡಿಸಿದರು. ಸ್ವಲ್ಪ ಹೊತ್ತಿಗೆ ಇವರು ಸುತ್ತ ನೋಡಿ, "ನೀ ಯಾವಾಗ ಬಂದಿ? ಇವತ್ತ ಸಾಲಿ ಇಲ್ಲೇನು?" ಎಂದರು.

"ನಾಟಕ ಸಾಕು" ಎಂದೆ. ಹಾಗೇ ಆಟೋದಲ್ಲಿ ಕೂಡಿಸಿಕೊಂಡು ದವಾಖಾನೆಗೆ ನಡೆದೆ. ಕುಡಿತವೋ, ಗಾಂಜಾವೋ, ರಕ್ತ ಸುಳ್ಳು ಹೇಳುವುದಿಲ್ಲವಲ್ಲ.

ರಕ್ತ ಹೇಳಿದ್ದೇ ಬೇರೆ. ಅಷ್ಟು ಸಿಹಿ ಚಹಾ ಕುಡಿದ ಮೇಲೂ ಸಕ್ಕರೆ ಅಂಶ ಬಹಳ ಕೆಳಗಿತ್ತು. ಅಲ್ಲಿಂದ ದೊಡ್ಡ ದವಾಖಾನೆಗೆ, ಗ್ರಂಥಿಗಳ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಿನಲ್ಲಿ ನನಗಿಂತ ಸಣ್ಣಾಕಿ, ಕನ್ನಡಕದ ಮೇಲಿಂದ ನೋಡುವ ಹೆಣ್ಣುಮಗಳು. ಮೊದಲ ಪ್ರಶ್ನೆಯೇ, "ಇವರು ಸಕ್ಕರಿ ರೋಗದ ಗುಳಿಗಿ ತಗೋತಾರೇನ್ರಿ?"

"ಇಲ್ರಿ. ಇವರಿಗೆ ಸಕ್ಕರಿ ರೋಗ ಇಲ್ಲ."

"ಮನ್ಯಾಗ ಮತ್ಯಾರರ ತಗೋತಾರ?"

"ನಾ ತಗೋತೇನ್ರಿ."

ಆಕೆ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಚೀಟಿ ಇಟ್ಟುಕೊಂಡ ಹುಡುಗನನ್ನು ನಾನು ನೋಡುವುದು ಹಾಗೆಯೇ. "ಅಡಿಗಿ ಯಾರು ಮಾಡ್ತೀರಿ? ಛಾ ಯಾರು ಕೊಡ್ತೀರಿ? ಇಬ್ಬರ ನಡುವ ಎಲ್ಲಾ ಸರಿ ಐತೇನ್ರಿ?" ಎಂದು ಒಂದೊಂದೇ ಕೇಳುತ್ತ ಹೋದಳು. ನನ್ನ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ನಾನೇ ಗುಳಿಗೆ ಅರೆದು ಹಾಕುತ್ತಿದ್ದೇನೆ ಎಂದು ಈಕೆಯ ಲೆಕ್ಕ!

ದವಾಖಾನೆಯಲ್ಲೇ ಇಟ್ಟುಕೊಂಡು, ನೀರು ಬಿಟ್ಟರೆ ಏನೂ ಕೊಡದೆ, ಮೇಲಿಂದ ಮೇಲೆ ರಕ್ತ ತೆಗೆದು ನೋಡುವ ಪರೀಕ್ಷೆ. ನನ್ನೊಬ್ಬಳನ್ನೇ ಅವರ ಹತ್ತಿರ ಕೂರಲು ಬಿಡಲಿಲ್ಲ. ನರ್ಸು ನನ್ನ ಬ್ಯಾಗು ಬಿಚ್ಚಿ ನೋಡಿ, ನನ್ನ ಗುಳಿಗೆಯ ಡಬ್ಬಿ, ಬೆರಳು ಚುಚ್ಚಿ ಸಕ್ಕರೆ ನೋಡುವ ನನ್ನ ಸಣ್ಣ ಯಂತ್ರ ಎರಡನ್ನೂ ತೆಗೆದಿಟ್ಟುಕೊಂಡಳು. "ಬ್ಯಾಸರ ಮಾಡ್ಕೋಬ್ಯಾಡ್ರಿ, ಮ್ಯಾಡಂ ಹೇಳ್ಯಾರ" ಎಂದಳು. ಜನ್ಮವಿಡೀ ಬೇರೆಯವರ ಕಂಪಾಸು ಪೆಟ್ಟಿಗೆ ತಡಕಿದವಳು ನಾನು. ಪಾಪ, ಆ ಹುಡುಗಿಗೆ ಏನೆನ್ನಲಿ?

ಮರುದಿನ ಮುಂಜಾನೆ ಇವರ ಮೈ ಬೆವರಹತ್ತಿತು. ಕಣ್ಣು ಅಗಲವಾಗಿ ಮೇಲೆ ನಿಂತವು. ತಲೆ ಒಂದು ಕಡೆ ತೂಗಹತ್ತಿತು. ರಕ್ತ ತೆಗೆಯಲು ಬಂದ ನರ್ಸಿಗೆ ಗಂಟಲಾಳದ ದಪ್ಪ ದನಿಯಲ್ಲಿ, ಎಳೆದೆಳೆದು, "ಯಾ...ರವಾ ನೀ? ಯಾಕ... ಬಂದಿ?" ಎಂದರು.

ಆ ದನಿ ನನ್ನ ಗಂಡನದಲ್ಲ. ಆ ದನಿ ನಾನು ಪ್ರತಿ ವರ್ಷ ಉಪ್ಪಿನಬೆಟಗೇರಿಯಲ್ಲಿ ಕೇಳುತ್ತಿದ್ದ ದನಿ.

ಉಪ್ಪಿನಬೆಟಗೇರಿಯಲ್ಲಿ ಇವರ ಅಕ್ಕ ನೀಲವ್ವ ಇದ್ದಾಳೆ. ಊರಿಗೆಲ್ಲ ನೀಲಕ್ಕ. ಗಂಡ ತೀರಿಕೊಂಡ ಎರಡು ವರ್ಷಕ್ಕೆ ಅವಳ ಮೈಮೇಲೆ ಊರದೇವಿ ದ್ಯಾಮವ್ವ ಬರಲು ಶುರುವಾಯಿತು. ಶ್ರಾವಣದ ಮಂಗಳವಾರ, ಶುಕ್ರವಾರ, ಆಮೇಲೆ ನವರಾತ್ರಿ. ಬೆಳಗಿನಿಂದ ಉಪವಾಸ ಕೂತು, ಮನೆಯ ತುಂಬ ಊದಿನ ಹೊಗೆ ತುಂಬಿ, ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಹೀಗೇ ಮೇಲೆ ನಿಲ್ಲುತ್ತಿದ್ದವು. ಮೈ ಬೆವರುತ್ತಿತ್ತು. ತಲೆ ತೂಗುತ್ತ, "ಯಾರವಾ ನೀ? ಯಾಕ ಬಂದಿ?" ಎಂದು ಕೇಳುತ್ತಿದ್ದಳು. ಜನ ಉಡಿ ತುಂಬಿ, ಮಗಳ ಮದುವೆ, ಕಳೆದ ಎಮ್ಮೆ, ಕೋರ್ಟಿನ ಖಟ್ಲೆ ಎಲ್ಲ ಕೇಳುತ್ತಿದ್ದರು. ಕೊನೆಗೆ ಬಾಯಿಗೆ ಬೆಲ್ಲದ ಪಾನಕ ಹಾಕಿದರೆ ಅವ್ವ ಶಾಂತಳಾಗಿ ಹೋಗುತ್ತಿದ್ದಳು. ನೀಲಕ್ಕನಿಗೆ ಏನೂ ನೆನಪಿರುತ್ತಿರಲಿಲ್ಲ.

ನಾನು ಅದನ್ನು ನಂಬಿದವಳೇ ಅಲ್ಲ. ನಂಬುತ್ತಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ನೀಲಕ್ಕ ಸೊಗಸಾಗಿ ಸೋಗು ಹಾಕುತ್ತಾಳೆ ಎಂದೇ ತಿಳಿದಿದ್ದೆ. ಈಗ ಹಾಸಿಗೆಯ ಮೇಲೆ, ಉಪವಾಸದಲ್ಲಿ, ಅದೇ ಕಣ್ಣು, ಅದೇ ದನಿ. ನರ್ಸು ಕೈಯ ನರಕ್ಕೆ ಗ್ಲುಕೋಸ್ ಏರಿಸಿದಳು. ಇವರು ಕಣ್ಣು ಪಿಳುಕಿಸಿ "ಎಲ್ಲಿದ್ದೇನಿ?" ಎಂದರು. ಪಾನಕ ಕುಡಿದ ಮೇಲೆ ನೀಲಕ್ಕ ಕೇಳುವುದೂ ಅದನ್ನೇ.

ರಕ್ತದ ವರದಿ ಬಂದ ಮೇಲೆ ಡಾಕ್ಟರಮ್ಮನ ನೋಟ ಬದಲಾಯಿತು. ಯಾರೂ ಗುಳಿಗೆ ಹಾಕಿಲ್ಲ. ಮೈಯೇ ತನಗೆ ತಾನು ಔಷಧ ಹಾಕಿಕೊಳ್ಳುತ್ತಿತ್ತು. ಮೇದೋಜೀರಕದಲ್ಲಿ ಕಡಲೆಕಾಳಿನಂಥ ಗಡ್ಡೆಗಳು, ಹೊಟ್ಟೆ ಖಾಲಿ ಇರಲಿ ತುಂಬಿರಲಿ, ಇನ್ಸುಲಿನ್ ಸುರಿಸುತ್ತಲೇ ಇದ್ದವು. ಪೇಡೆ ತಿನ್ನುತ್ತಿದ್ದವರು ಇವರೇ. ತಿಂದರೆ ಹಾಯೆನಿಸುತ್ತದೆ ಎಂಬುದಷ್ಟೇ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಗಡ್ಡೆ ಒಂದೇ ಕಡೆ ಇರಲಿಲ್ಲ. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದಿರುವ ಸಣ್ಣ ಗ್ರಂಥಿಗಳೂ ಬೆಳೆದು, ಎಲುಬಿನ ಕ್ಯಾಲ್ಸಿಯಂ ರಕ್ತಕ್ಕೆ ಎಳೆಯುತ್ತಿದ್ದವು.

"ಇವರಿಗೆ ಕಿಡ್ನಿಯೊಳಗ ಹಳ್ಳು ಆಗಿದ್ವೇನ್ರಿ?" ಎಂದು ಕೇಳಿದಳು.

"ಎರಡ ಸಲ ಆಗಿದ್ವು. ಬೋರಿನ ನೀರಿಂದ ಅಂದಿದ್ರು."

"ಮನ್ಯಾಗ ಮತ್ಯಾರಿಗರ?"

ನಮ್ಮ ಮಾವನವರಿಗೂ ಹಳ್ಳು ಇದ್ದವು. ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತ ಕಾರಿ ಸತ್ತರು. ಖಾರ ಬಹಳ ತಿನ್ನುತ್ತಿದ್ದರು ಎಂದು ಜನ ಅಂದಿದ್ದರು. ನೀಲಕ್ಕನಿಗೂ ಒಮ್ಮೆ ಹಳ್ಳು ತೆಗೆಸಿತ್ತು. ನೀರು, ಖಾರ, ದೇವರು ಎಂದು ಈ ಮನೆತನದವರು ಒಂದೊಂದು ರೋಗಕ್ಕೂ ಒಂದೊಂದು ಕಾರಣ ಇಟ್ಟುಕೊಂಡಿದ್ದರು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಯಾರೂ ಬರೆದು ನೋಡಿರಲಿಲ್ಲ. ಡಾಕ್ಟರಮ್ಮ ಆ ರೋಗಕ್ಕೆ ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿ, "ಇದು ಒಬ್ಬರ ರೋಗ ಅಲ್ರಿ, ಮನಿತನದ್ದು. ತಂದಿಗೆ ಇದ್ರ ಪ್ರತಿಯೊಂದು ಮಗುವಿಗೂ ಬರೋದು ಬಿಡೋದು ಸಮಾ ಸಮಾ" ಎಂದಳು. ನಾನು ನೀಲಕ್ಕನ ಸುದ್ದಿ ಹೇಳಿದೆ. ಆಕೆ ನಗಲಿಲ್ಲ. "ನವರಾತ್ರಿಗೆ ಒಂಬತ್ತು ದಿನ ಉಪವಾಸ ಅಂದ್ರಲ್ಲ? ಅಷ್ಟರೊಳಗ ಕರಕೊಂಡ ಬರ್ರಿ. ಒಂದ ದಿನ ಆ ಪಾನಕ ಬಾಯಾಗ ಇಳ್ಯಾಂಗಿಲ್ಲ, ಅವತ್ತ ಆಕಿ ಎದ್ದ ಕುಂಡ್ರಾಂಗಿಲ್ಲ" ಎಂದಳು.

ಇವರ ಆಪರೇಶನ್ನಿಗೆ ದಿನ ಗೊತ್ತಾದ ಮೇಲೆ ನಾನು ಉಪ್ಪಿನಬೆಟಗೇರಿಯ ಬಸ್ಸು ಹತ್ತಿದೆ. ಹೆಸರುಕಾಳಿನ ಕಾಯಿ ಬಿಡಿಸುವ ಕಾಲ. ಮಳೆಗೆ ಸಿಕ್ಕ ಹೆಸರುಕಾಯಿ ಮನೆಮನೆಯ ಪಡಸಾಲೆಯಲ್ಲಿ ಹರಡಿದ್ದರು. ನೀಲಕ್ಕ ಕಾಯಿಗಳಲ್ಲಿ ಕೈಯಾಡಿಸುತ್ತ ಕೂತಿದ್ದಳು. ಹಣೆಯ ತುಂಬ ಅವ್ವನ ಅರಿಶಿನ ಭಂಡಾರ. ನಾನು ಸುತ್ತಿಬಳಸಿ ಮಾತಾಡಲು ಬಾರದವಳು, ಎಲ್ಲ ಹೇಳಿಬಿಟ್ಟೆ.

ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿ, "ಅಂದ್ರ ಅವ್ವ ಬರೂದಿಲ್ಲ, ರೋಗ ಬರ್ತೈತಿ ಅಂತೀ" ಎಂದಳು.

"ನಾ ಹಂಗ ಅನ್ನಲ್ರಿ ಅಕ್ಕಾರ. ಒಂದ ಸಲ ರಕ್ತ ನೋಡಿಸೋಣು ಅಂತೀನಿ."

"ಸುನಂದಾ, ನಿನಗ ಗೊತ್ತಿಲ್ಲ. ಅವರು ಹೋದ ಮ್ಯಾಲೆ ಎರಡ ವರ್ಷ ನನ್ನ ಯಾರೂ ಒಂದ ಸೀಮಂತಕ್ಕ ಕರೀಲಿಲ್ಲ, ತೊಟ್ಟಿಲಕ್ಕ ಕರೀಲಿಲ್ಲ. ಎದುರಿಗೆ ಬಂದ್ರ ಮಂದಿ ಹಾದಿ ಬಿಟ್ಟ ಹೋಗ್ತಿದ್ರು. ಅವ್ವ ಬಂದ್ಲು. ಈಗ ಅದಽ ಮಂದಿ ಕೂಸ ತಂದು ನನ್ನ ಉಡ್ಯಾಗ ಹಾಕ್ತಾರ. ಅದನ್ನೂ ಕಸಗೊಂಡ ಹೋಗಾಕ ಬಂದೀಯೇನು?"

ಅವಳ ಮಗ ಈರಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ಅತ್ತಿ, ಖರೇ ಹೇಳ್ರಿ. ಆ ಡಾಕ್ಟ್ರಿಗೂ ನಿಮಗೂ ಏನರ ಮಾತುಕತಿ ಆಗೇತೇನು? ನೀವು ನಮ್ಮವ್ವನ ಮೊದಲಿಂದೂ ನಂಬಿದವರಲ್ಲ" ಎಂದ. ಎರಡನೆಯ ಮಾತು ನಿಜವೇ ಆಗಿತ್ತು. ಚಹಾ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಸಿಟ್ಟಿಗೋ ದುಃಖಕ್ಕೋ ಅಳು ಬಂತು.

ಇವರ ಆಪರೇಶನ್ ಸುಸೂತ್ರವಾಯಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವರು ನಾಲ್ಕು ಸಲ ಅಕ್ಕನಿಗೆ ಫೋನು ಹಚ್ಚಿದರು. ಈರಣ್ಣ ಎತ್ತಿ, "ನಮ್ಮವ್ವ ನವರಾತ್ರಿ ಘಟ ಇಟ್ಟು ಕುಂತಾಳ, ಮಾತಾಡಂಗಿಲ್ಲ" ಎಂದ. ಇವರು ಫೋನು ಎದೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿ, "ನೀ ನನ್ನ ಮ್ಯಾಲೆ ಅಷ್ಟ ಸಂಶೇ ಮಾಡಿದಿಯಲ್ಲ, ಅದಕ್ಕ ಜೀವ ಉಳೀತು. ಅಕ್ಕನ್ನೂ ಉಳಸು. ಹೆಂಗರ ಮಾಡು" ಎಂದರು.

ನವರಾತ್ರಿಯ ಶುಕ್ರವಾರ ಹೋದೆ. ಆ ಹೊತ್ತಿಗೆ ನೀಲಕ್ಕ ದಿನಕ್ಕೆ ಸಂಜೆಯೊಮ್ಮೆ ಒಂದು ಲೋಟ ಹಾಲಿನ ಮೇಲಿದ್ದಳು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಊದಿನ ಹೊಗೆಗೆ ಕಣ್ಣು ಉರಿಯುತ್ತಿದ್ದವು. ನಾನೂ ಉಳಿದ ಹೆಂಗಸರ ಹಾಗೆ ಕುಪ್ಪಸದ ಕಣ, ಕಾಯಿ, ಎಲೆಯಡಿಕೆ ಹಿಡಿದು ಸಾಲಿನಲ್ಲಿ ಕೂತೆ. ಸೆರಗಿನ ಮರೆಯಲ್ಲಿ ನನ್ನ ಚುಚ್ಚುವ ಯಂತ್ರ. ಪರೀಕ್ಷೆಗೆ ಚೀಟಿ ತರುವ ಹುಡುಗರ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ನನಗೆ ಅಂದು ತಿಳಿಯಿತು.

ಅವ್ವ ಬಂದಿದ್ದಳು. ಆದರೆ ಮಾತು ಬರುತ್ತಿರಲಿಲ್ಲ. ತುಟಿ ಬಿಳಚಿಕೊಂಡಿದ್ದವು. ಮುಂದಿದ್ದವರು ಕೇಳಿದ್ದಕ್ಕೆಲ್ಲ ಬರೇ ತಲೆ ತೂಗುತ್ತಿದ್ದಳು. "ಈ ಸಲ ಅವ್ವನ ಆವೇಶ ಭಾಳ ಐತಿ" ಎಂದು ಹಿಂದೆ ಯಾರೋ ಭಕ್ತಿಯಿಂದ ಅಂದರು. ನನ್ನ ಸರದಿ ಬಂತು. ಉಡಿ ತುಂಬಿದೆ. ನನಗೆ ಆಗ ಹೊಳೆಯಿತು. ಇಲ್ಲಿ ನೀಲಕ್ಕನ ಜೊತೆ ವಾದ ಮಾಡಿ ಫಲವಿಲ್ಲ, ಈರಣ್ಣನ ಜೊತೆಯೂ ಇಲ್ಲ. ಇವರೆಲ್ಲರ ಮೇಲೆ ಅಧಿಕಾರ ಇರುವುದು ಒಬ್ಬಳಿಗೇ.

"ಅವ್ವಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ, ತರಗತಿಯ ದನಿಯಲ್ಲಿ. "ನಿನ್ನ ಬೆರಳು ಕೊಡು."

ಅವಳು ತೂಗುತ್ತಲೇ ಕೈ ಮುಂದೆ ಚಾಚಿದಳು. ತಣ್ಣಗೆ ಒದ್ದೆಯಾದ ಕೈ. ಚುಚ್ಚಿದೆ.

"ಅಯ್ಯ ಶಿವನ! ಅವ್ವನ ರಕ್ತ ತಗದ್ಲಲ್ಲೋ!" ಎಂದು ಯಾರೋ ಚೀರಿದರು. ಈರಣ್ಣ ಜನರನ್ನು ತಳ್ಳಿಕೊಂಡು ಬಂದು ನನ್ನ ರಟ್ಟೆ ಹಿಡಿದ. ಮೂಲೆಯಲ್ಲಿ ಕೂತಿದ್ದ ಊರ ಹಿರಿಯರೊಬ್ಬರು, "ಬಿಡೋ ಈರ್ಯಾ. ಆಕಿ ಕೇಳಿದ್ಲು, ಅವ್ವ ತಾನಾಗಿ ಕೈ ಕೊಟ್ಲು. ನೀ ಯಾವಾವ ನಡುವ?" ಎಂದು ಗದರಿದರು. ಯಂತ್ರ ಅಂಕಿಯ ಬದಲು 'ಲೋ' ಎಂದಷ್ಟೇ ತೋರಿಸಿತು. ಅದು ಓದಬಲ್ಲುದಕ್ಕಿಂತಲೂ ಸಕ್ಕರೆ ಕೆಳಗೆ ಹೋಗಿತ್ತು. ಪಾನಕದ ಬಟ್ಟಲು ಬಾಯಿಗೆ ಹಿಡಿದರು. ಕಟವಾಯಿಯಿಂದ ಹಾಗೇ ಹೊರಗೆ ಸುರಿಯಿತು.

"ಅವ್ವಾ, ಈ ಮಗಳನ್ನ ದವಾಖಾನಿಗೆ ಕರಕೊಂಡ ಹೋಗ್ತೇನಿ. ನಿನ್ನ ಅಪ್ಪಣಿ ಐತೇನು? ಹೇಳು!"

ಅವಳ ಗಂಟಲಿನಿಂದ "ಹೂಂ" ಎಂದು ಬಂತು. ತಲೆ ಎದೆಯ ಮೇಲೆ ಬಿತ್ತು.

ಅದು ಒಪ್ಪಿಗೆಯೋ, ನರಳಿಕೆಯೋ? ನನಗೇ ಸಂಶಯ. ಆದರೆ ಜೀವನದಲ್ಲಿ ಅದೊಂದೇ ಸಲ ನನ್ನ ಸಂಶಯವನ್ನು ಬಾಯೊಳಗೇ ನುಂಗಿಕೊಂಡೆ. "ಅಪ್ಪಣಿ ಆತು!" ಎಂದರು ಹಿರಿಯರು. ಪಡಸಾಲೆಯೆಲ್ಲ "ಅಪ್ಪಣಿ ಆತು, ಗಾಡಿ ತರ್ರಿ" ಎಂದು ಎದ್ದು ನಿಂತಿತು. ಈರಣ್ಣ ಒಂದು ಕ್ಷಣ ನನ್ನ ಮುಖ ನೋಡಿದ. ಇದು ಇವಳದೇ ಆಟ ಎಂದು ಅವನಿಗೆ ಗೊತ್ತಾಗಿತ್ತು. ಆದರೂ ಅವ್ವನ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ. ತಾಯಿಯನ್ನು ಎತ್ತಿಕೊಂಡು ಓಡಿದ. ಧಾರವಾಡದತನಕ ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡು, ವಸಡಿಗೆ ಬೆಲ್ಲ ತಿಕ್ಕುತ್ತ ಕೂತೆ. ಈರಣ್ಣ ಗಾಡಿ ಓಡಿಸುತ್ತ ಅಳುತ್ತಿದ್ದ.

ಉಳಿದಳು. ದೀಪಾವಳಿ ಮುಗಿದ ಮೇಲೆ ಅವಳ ಗಡ್ಡೆಗಳನ್ನೂ ತೆಗೆದರು. ಆಮೇಲೆ ಮಕ್ಕಳ ರಕ್ತ ಪರೀಕ್ಷೆಗೆ ಹೋಯಿತು. ನಮ್ಮ ಮಗಳಿಗೆ ಬಂದಿಲ್ಲ. ಈರಣ್ಣನಿಗೆ ಬಂದಿದೆ, ಇನ್ನೂ ಗಡ್ಡೆ ಕಂಡಿಲ್ಲ, ವರ್ಷಕ್ಕೊಮ್ಮೆ ಪರೀಕ್ಷೆಗೆ ಬಂದು ನಮ್ಮಲ್ಲೇ ಇಳಿಯುತ್ತಾನೆ. ವರದಿಯನ್ನು ನನ್ನ ಕೈಗೇ ಕೊಟ್ಟು, "ನೀವು ನೋಡ್ರಿ ಅತ್ತಿ, ಇವರು ಏನರ ಮುಚ್ಚಿಟ್ಟಾರೇನು" ಎನ್ನುತ್ತಾನೆ. ಒಳ್ಳೆಯ ಶಿಷ್ಯ.

ಮರುವರ್ಷ ಶ್ರಾವಣದ ಶುಕ್ರವಾರ ಅವನೇ ಫೋನು ಮಾಡಿದ. "ಅವ್ವ ಡಾಕ್ಟ್ರ ಮಾತ ಕೇಳವಲ್ಲಳು. ಮುಂಜಾನಿಂದ ಏನೂ ತಿಂದಿಲ್ಲ. ದೇವರ ಮುಂದ ಮಣಿ ಹಾಕ್ಕೊಂಡ ಅದರ ಮ್ಯಾಲೆ ಕುಂತಾಳ. ಬರ್ರಿ" ಎಂದ. ಓಡಿದೆ. ಬಾಗಿಲು ಹಾರುಹೊಡೆದಿತ್ತು. ಪಡಸಾಲೆಯಲ್ಲಿ ಮೂವರು ಹೆಂಗಸರು ಕಾಯಿ ಹಿಡಿದು ಕೂತಿದ್ದರು. ಮಧ್ಯಾಹ್ನ ದಾಟುತ್ತಲೇ ಒಬ್ಬೊಬ್ಬರಾಗಿ ಎದ್ದು ಹೋದರು. ನೀಲಕ್ಕ ದೀಪದ ಮುಂದೆ ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದಳು. ಮೈ ಬೆವರಲಿಲ್ಲ. ತಲೆ ತೂಗಲಿಲ್ಲ. ಇಷ್ಟು ವರ್ಷ ಇದೆಲ್ಲ ಸುಳ್ಳೆಂದು ಕಾಣಬೇಕು ಎಂದು ಕಾದವಳು ನಾನು. ಅಂದು ಬಾಗಿಲ ಚೌಕಟ್ಟು ಹಿಡಿದು ನಿಂತು ಮನಸ್ಸಿನಲ್ಲೇ, ಬಾರವ್ವಾ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದೇ ಸಲ ಬಂದುಹೋಗು ಎಂದು ಬೇಡಿಕೊಂಡೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಇಳಿಹೊತ್ತಿಗೆ ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದಳು, ಖಾಲಿ ಪಡಸಾಲೆಯನ್ನು ನೋಡಿದಳು.

"ಹಸಿವಾತು ಸುನಂದಾ," ಎಂದಳು. "ಬರೇ ಹಸಿವು. ಬ್ಯಾರೆ ಏನೂ ಬರ್ಲಿಲ್ಲ."